ಹೋಬಳಿಯಲ್ಲೊಂದು ಗೊಬ್ಬರದ ಅಂಗಡಿ: ಲೈಸೆನ್ಸ್‌ನಿಂದ ಉದ್ರಿ ಪುಸ್ತಕದವರೆಗೆ

ಯುಗಾದಿ ಕಳೆದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಅಣ್ಣಾ, ನಮ್ಮೂರಲ್ಲಿ ಒಂದು ಗೊಬ್ಬರದ ಅಂಗಡಿ ಇಡಬೇಕು ಅಂತಿದ್ದೀನಿ. ಏನೇನು ಬೇಕು? ದುಡ್ಡು ಎಷ್ಟು ಬೇಕು?” ಕೇಳುವವರಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದ ಹುಡುಗರೇ ಜಾಸ್ತಿ. ಈಚೆಗೆ ರೈತ ಉತ್ಪಾದಕ ಸಂಸ್ಥೆ ಕಟ್ಟಿಕೊಂಡವರೂ ಸ್ವಸಹಾಯ ಸಂಘದ ಅಕ್ಕಂದಿರೂ ಕೇಳುತ್ತಾರೆ. ಫೋನಿನಲ್ಲಿ ಎಷ್ಟು ಹೇಳಿದರೂ ಅರ್ಧ ಉಳಿದುಹೋಗುತ್ತದೆ. ಅದಕ್ಕೇ ಒಮ್ಮೆ ಪೂರ್ತಿ ಬರೆಯುತ್ತಿದ್ದೇನೆ.

ನನ್ನದು ಹಾವೇರಿ ಜಿಲ್ಲೆಯ ಒಂದು ಹೋಬಳಿಯಲ್ಲಿ ಅಂಗಡಿ. ಸುತ್ತಲೂ ಮೆಕ್ಕೆಜೋಳ, ಹತ್ತಿ, ಸೋಯಾ. ಹಾಗಾಗಿ ಉದಾಹರಣೆಗಳೂ ಅವೇ. ನಿಮ್ಮದು ಮಲೆನಾಡಾದರೆ ಮೈಲುತುತ್ತ ಮತ್ತು ಸುಣ್ಣದ ವ್ಯಾಪಾರ ಇರುತ್ತದೆ, ಕಲಬುರಗಿ ಕಡೆಯಾದರೆ ತೊಗರಿ. ಮಾಲು ಬೇರೆಯಾದರೂ ಕೆಲಸ ಹೀಗೇ ನಡೆಯುತ್ತದೆ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಸಕ್ಕರೆ ಸರಿಯಿಲ್ಲದಿದ್ದರೆ ಗಿರಾಕಿ ವಾಪಸ್ ತಂದುಕೊಡುತ್ತಾನೆ. ಬೀಜ ಹುಟ್ಟದಿದ್ದರೆ ರೈತನಿಗೆ ಆ ಮುಂಗಾರು ವಾಪಸ್ ಸಿಗುವುದಿಲ್ಲ. ಮುಂದೆ ಹೇಳುವ ನಿಯಮ, ಲೆಕ್ಕ, ಎಚ್ಚರಿಕೆ ಎಲ್ಲದರ ಹಿಂದೆ ಇರುವುದು ಇದೇ ಭಯ.

1. ಲೈಸೆನ್ಸ್‌ಗಿಂತ ಮೊದಲು ಊರು ಸುತ್ತಿ

ಒಂದು ನೋಟ್‌ಬುಕ್ ಹಿಡಿದು ಸುತ್ತಲಿನ ಹತ್ತು ಹದಿನೈದು ಹಳ್ಳಿಗೆ ಹೋಗಿ. ಪ್ರತಿ ಹಳ್ಳಿಗೆ ಒಂದು ಪುಟ. ಯಾವ ಬೆಳೆ, ಸುಮಾರು ಎಷ್ಟು ಎಕರೆ, ಬೋರ್‌ವೆಲ್ ಎಷ್ಟಿವೆ, ಯಾವ ಮಳೆಗೆ ಬಿತ್ತುತ್ತಾರೆ, ಈಗ ಎಲ್ಲಿಂದ ತರುತ್ತಾರೆ, ಇಷ್ಟನ್ನು ಬರೆಯಿರಿ. ರೋಹಿಣಿಗೇ ಬಿತ್ತುವ ಊರಿಗೆ ಮೇ ಮೂರನೇ ವಾರಕ್ಕೆ ಬೀಜ ಸಿದ್ಧ ಇರಬೇಕು. ಮೃಗಶಿರಕ್ಕೆ ಕಾಯುವ ಊರಿಗೆ ಜೂನ್ ಮೊದಲ ವಾರ ಸಾಕು.

ಲೆಕ್ಕ ಹೀಗೆ ಹಾಕಿ. ಒಂದು ಹಳ್ಳಿಯಲ್ಲಿ 500 ಎಕರೆ ಮೆಕ್ಕೆಜೋಳ ಇದೆ ಅನ್ನಿ. ಎಕರೆಗೆ 8 ಕೆಜಿ ಬೀಜ, ಅಂದರೆ 4 ಕೆಜಿಯ ಎರಡು ಪಾಕೀಟು. ಊರಿಗೆ 1,000 ಪಾಕೀಟು ಬೇಕು. ಮೊದಲ ವರ್ಷ ಅದರಲ್ಲಿ ನಿಮಗೆ ಹತ್ತರಲ್ಲಿ ಒಂದು ಪಾಲು ಸಿಕ್ಕರೆ ದೊಡ್ಡದು. 100 ಪಾಕೀಟಿಗೆ ಲೆಕ್ಕ ಹಾಕಿ, 1,000ಕ್ಕೆ ಅಲ್ಲ.

ರೈತ ಸಂಪರ್ಕ ಕೇಂದ್ರಕ್ಕೂ ಸಹಕಾರ ಸಂಘಕ್ಕೂ ತಪ್ಪದೆ ಹೋಗಿ. ಸಂಪರ್ಕ ಕೇಂದ್ರದಲ್ಲಿ ಯಾವ ಬೀಜ ಸಬ್ಸಿಡಿಯಲ್ಲಿ ಬರುತ್ತದೋ ಅದನ್ನು ನೀವು ರಾಶಿ ಹಾಕಿಕೊಂಡರೆ ಹಂಗಾಮು ಮುಗಿದ ಮೇಲೂ ಅದು ನಿಮ್ಮಲ್ಲೇ ಇರುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ.

2. ಓದು: ಯಾವುದಕ್ಕೆ ಏನು

ಬೀಜ ಮಾರಲು ಇಂಥದ್ದೇ ಓದಿರಬೇಕು ಅಂತ ಇಲ್ಲ. ಗೊಬ್ಬರಕ್ಕೆ ಬಿಎಸ್ಸಿ ಕೃಷಿ, ರಸಾಯನಶಾಸ್ತ್ರದ ಬಿಎಸ್ಸಿ ಅಥವಾ ಕೃಷಿ ಡಿಪ್ಲೊಮಾ ಆಗುತ್ತದೆ. ಇದ್ಯಾವುದೂ ಇಲ್ಲದವರಿಗೆ 15 ದಿನದ ಸರ್ಟಿಫಿಕೇಟ್ ಕೋರ್ಸ್ ಇದೆ. ಕೃಷಿ ವಿಶ್ವವಿದ್ಯಾಲಯಗಳಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ವಿಚಾರಿಸಿ.

ಕೀಟನಾಶಕಕ್ಕೆ ಮಾತ್ರ ನಿಯಮ ಬಿಗಿ. ಕೃಷಿ ಪದವಿ ಇರಬೇಕು, ಇಲ್ಲವೇ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂಥ ವಿಷಯ ಇರುವ ವಿಜ್ಞಾನ ಪದವಿ. ನಿಮ್ಮ ಹತ್ತಿರ ಇಲ್ಲದಿದ್ದರೆ ಅದು ಇರುವವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಈ ಅವಕಾಶವನ್ನೇ ಹಿಡಿದು ಕೆಲವರು ಯಾರದೋ ಸರ್ಟಿಫಿಕೇಟನ್ನು ವರ್ಷಕ್ಕಿಷ್ಟು ಅಂತ ಬಾಡಿಗೆಗೆ ತರುತ್ತಾರೆ. ಆ ಮನುಷ್ಯ ಅಂಗಡಿಯ ಮುಖ ನೋಡಿರುವುದಿಲ್ಲ. ದಯವಿಟ್ಟು ಈ ದಾರಿ ಬೇಡ. ಲೈಸೆನ್ಸ್ ಹೋಗುವುದು ಒಂದು ಕಡೆ, ವಿಷದ ಬಾಟಲಿ ಮಾರುವ ಜಾಗದಲ್ಲಿ ತಿಳಿದವರು ಯಾರೂ ಇಲ್ಲ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಇನ್ನು “ದೇಸಿ” ಡಿಪ್ಲೊಮಾ. ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಅಂಗಡಿಯವರಿಗೆಂದೇ ಶುರುಮಾಡಿದ ಕೋರ್ಸ್ ಇದು. 48 ವಾರ, ವಾರಕ್ಕೊಂದು ದಿನ. ಅಂಗಡಿ ನಡೆಸುತ್ತಲೇ ಓದಬಹುದು. ಕೃಷಿ ಪದವಿ ಮಾಡಿದವರಿಗೆ 2002ರಿಂದ ಅಗ್ರಿ ಕ್ಲಿನಿಕ್ ಯೋಜನೆ ಇದೆ. 45 ದಿನ ಉಚಿತ ತರಬೇತಿ ಕೊಡುತ್ತಾರೆ. ಆಮೇಲೆ ಬ್ಯಾಂಕ್ ಸಾಲ ಮಂಜೂರಾದರೆ ಯೋಜನಾ ವೆಚ್ಚದ ಮೇಲೆ ನಬಾರ್ಡ್ ಮೂಲಕ ಶೇ 36 ಸಬ್ಸಿಡಿ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 44. ಇದನ್ನು ಬಳಸಿಕೊಳ್ಳದೆ ಕೈಸಾಲ ಮಾಡಿ ಅಂಗಡಿ ಇಟ್ಟ ಪದವೀಧರರನ್ನು ನೋಡಿ ಬೇಜಾರಾಗಿದೆ.

3. ಒಂದಲ್ಲ, ಮೂರು ಲೈಸೆನ್ಸ್

ಬೀಜ, ಗೊಬ್ಬರ, ಕೀಟನಾಶಕ ಮೂರಕ್ಕೂ ಕಾನೂನು ಬೇರೆ ಬೇರೆ. ಬೀಜಕ್ಕೆ 1983ರ ಬೀಜ ನಿಯಂತ್ರಣ ಆದೇಶ, ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶ, ಕೀಟನಾಶಕಕ್ಕೆ 1968ರ ಕಾಯ್ದೆ ಮತ್ತು 1971ರ ನಿಯಮಗಳು. ಅರ್ಜಿ ಹಾಕುವ ಮೊದಲು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ನೀವೇ ಹೋಗಿ, ಮೂರಕ್ಕೂ ಬೇಕಾದ ಕಾಗದಗಳ ಪಟ್ಟಿ ಬರೆದುಕೊಂಡು ಬನ್ನಿ. ಸಾಮಾನ್ಯವಾಗಿ ಕೇಳುವುದು ಆಧಾರ್, ಪ್ಯಾನ್, ಫೋಟೊ, ಅಂಗಡಿಯ ಬಾಡಿಗೆ ಕರಾರು ಅಥವಾ ಸ್ವಂತದ್ದಾದರೆ ಅದರ ದಾಖಲೆ, ಅಂಗಡಿ ಮತ್ತು ಗೋದಾಮಿನ ನಕ್ಷೆ, ಓದಿನ ಸರ್ಟಿಫಿಕೇಟ್, ಶುಲ್ಕ ಕಟ್ಟಿದ ಚಲನ್.

ಇವುಗಳ ಜೊತೆ ಎರಡು ಕಾಗದಗಳ ಹೆಸರು ಕೇಳಿ ಹೊಸಬರು ಗಾಬರಿಯಾಗುತ್ತಾರೆ.

ಒಂದು “ಫಾರಂ ಓ”. ಗೊಬ್ಬರ ತಯಾರಕರೋ ಸಗಟು ವ್ಯಾಪಾರಿಯೋ “ಇವರಿಗೆ ನಾವು ಮಾಲು ಕೊಡುತ್ತೇವೆ” ಎಂದು ಬರೆದುಕೊಡುವ ಪತ್ರ. ಇನ್ನೊಂದು “ಪಿಸಿ”, ಪ್ರಿನ್ಸಿಪಲ್ ಸರ್ಟಿಫಿಕೇಟ್. ಕೀಟನಾಶಕ ಕಂಪನಿ ತನ್ನ ಇಂತಿಂಥ ಔಷಧ ಮಾರಲು ನಿಮಗೆ ಕೊಡುವ ಒಪ್ಪಿಗೆ.

ಎಚ್ಚರ ಬೇಕಾದದ್ದು ಇಲ್ಲೇ. ಲೈಸೆನ್ಸ್ ಬಂದ ಕೂಡಲೇ ಎಲ್ಲ ಕಂಪನಿಯ ಔಷಧವನ್ನೂ ಮಾರಬಹುದು ಅಂತ ಅಲ್ಲ. ಹೊಸ ಕಂಪನಿಯ ಮಾಲು ತಂದರೆ ಅದರ ಪಿಸಿಯನ್ನು ನಿಮ್ಮ ಲೈಸೆನ್ಸ್‌ಗೆ ಸೇರಿಸಿಕೊಳ್ಳಬೇಕು. “ಮಾಲು ಇಳಿಸಿಕೊಳ್ಳಿ, ಪಿಸಿ ಮುಂದಿನ ವಾರ ಬರುತ್ತೆ” ಅನ್ನುವ ಮಾತು ನಂಬಬೇಡಿ. ಆ ವಾರದಲ್ಲಿ ತಪಾಸಣೆ ಬಂದರೆ ಮಾಲು ಜಪ್ತಿಯಾಗುವುದು ನಿಮ್ಮ ಅಂಗಡಿಯಲ್ಲಿ.

ಜಿಎಸ್‌ಟಿ ನಂಬರನ್ನೂ ಜೊತೆಗೇ ಮಾಡಿಸಿಕೊಳ್ಳಿ. ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ, ರಸಗೊಬ್ಬರಕ್ಕೆ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18.

4. ಜಾಗ

ಲಾರಿ ಬಾಗಿಲವರೆಗೆ ಬರಬೇಕು. ಇದೊಂದು ಮರೆತರೆ ಪ್ರತಿ ಚೀಲಕ್ಕೂ ಹಮಾಲಿ ಎರಡು ಸಲ ಬೀಳುತ್ತದೆ. ಗೋದಾಮಿನ ನೆಲ ಸುತ್ತಲಿನ ಮಟ್ಟಕ್ಕಿಂತ ಎತ್ತರ ಇರಲಿ. ಚೀಲಗಳ ಕೆಳಗೆ ಮರದ ಹಲಗೆ ಹಾಕಿ, ಗೋಡೆಗೆ ತಾಗದಂತೆ ಒಂದಡಿ ಬಿಟ್ಟು ಅಟ್ಟಿ ಹಾಕಿ. ಯೂರಿಯಾ ಗಾಳಿಯ ತೇವ ಹೀರಿ ಕಲ್ಲಾಗುತ್ತದೆ. ಕಲ್ಲಾದ ಚೀಲವನ್ನು ರೈತ ಮುಟ್ಟುವುದೂ ಇಲ್ಲ.

ಬೀಜ, ಗೊಬ್ಬರ, ಔಷಧ ಮೂರೂ ಬೇರೆ ಬೇರೆ ಇರಲಿ. ಕಳೆನಾಶಕದ ಪಕ್ಕ ಬೀಜ ಇಡಬೇಡಿ, ಕೆಲವು ಕಳೆನಾಶಕಗಳ ಆವಿಗೇ ಮೊಳಕೆ ಕುಂದುತ್ತದೆ. ತಿನ್ನುವ ಪದಾರ್ಥವನ್ನೂ ದನದ ಹಿಂಡಿಯನ್ನೂ ಕೀಟನಾಶಕ ಇರುವ ಕಟ್ಟಡದಲ್ಲಿ ಇಡುವುದು ಕಾನೂನಿನಂತೆಯೂ ತಪ್ಪು. “ಜಾಗ ಇಲ್ಲ, ಒಂದು ಮೂಲೆಯಲ್ಲಿ ಹಿಂಡಿ ಇಡ್ತೀನಿ” ಅನ್ನಬೇಡಿ.

ಸೋಯಾ ಬೀಜದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರ ಸಿಪ್ಪೆ ಬಹಳ ತೆಳು. ಹಮಾಲರು ಲಾರಿಯಿಂದ ಚೀಲವನ್ನು ದೊಪ್ಪನೆ ಎಸೆದರೆ ಒಳಗಿನ ಕಾಳು ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ. ಚೀಲ ನೋಡಿದರೆ ಹೊಸದು, ಹೊಲದಲ್ಲಿ ನೋಡಿದರೆ ಸಾಲೇ ಖಾಲಿ. ಇಳಿಸುವಾಗ ನೀವೇ ಎದುರು ನಿಂತುಕೊಳ್ಳಿ. ನಾಲ್ಕೈದು ಚೀಲಕ್ಕಿಂತ ಎತ್ತರ ಅಟ್ಟಿ ಬೇಡ.

ಪ್ರತಿ ಲಾಟ್‌ನಿಂದ, ಅಂದರೆ ಒಂದೇ ನಂಬರಿನಲ್ಲಿ ಬಂದ ಬೀಜದ ಗುಂಪಿನಿಂದ, ಒಂದಿಷ್ಟು ತೆಗೆದು ಮೊಳಕೆ ನೋಡಿಬಿಡಿ. ಒದ್ದೆ ಗೋಣಿತಟ್ಟಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಸುತ್ತಿ ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ. ಐದಾರು ದಿನಕ್ಕೆ ಬಿಚ್ಚಿದರೆ ಕೆಲವು ಕಾಳು ದಪ್ಪ ಬೇರು ಬಿಟ್ಟು ನೆಟ್ಟಗೆ ನಿಂತಿರುತ್ತವೆ, ಕೆಲವು ಉಬ್ಬಿ ಲೋಳೆಯಾಗಿರುತ್ತವೆ, ಇನ್ನು ಕೆಲವಕ್ಕೆ ಮೊಳಕೆ ಬಂದಿದ್ದರೂ ತುದಿ ಮುರಿದಿರುತ್ತದೆ. ಮೊದಲನೆಯದನ್ನು ಮಾತ್ರ ಎಣಿಸಿ. ಸೋಯಾಗೆ ಕನಿಷ್ಠ 70 ಇರಬೇಕು, ಮೆಕ್ಕೆಜೋಳದ ಹೈಬ್ರಿಡ್‌ಗೆ 90. ಕಡಿಮೆ ಬಂದರೆ ಆ ಲಾಟ್ ಮಾರಬೇಡಿ, ಕಂಪನಿಗೆ ಅವತ್ತೇ ಬರೆದು ತಿಳಿಸಿ. ನನ್ನ ಎರಡನೇ ವರ್ಷ ಒಬ್ಬ ಸಗಟು ವ್ಯಾಪಾರಿಯ ಮಾತು ನಂಬಿ ಈ ಪರೀಕ್ಷೆ ಬಿಟ್ಟೆ. ಏಳು ಮಂದಿ ರೈತರು ಎರಡನೇ ಸಲ ಬಿತ್ತಬೇಕಾಯಿತು. ಅವರ ಬೀಜದ ದುಡ್ಡು ಕೊಟ್ಟೆ. ಉತ್ತಿದ ಖರ್ಚು, ಹೋದ ಮಳೆಯ ಹದ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಬೀಜದ ಚೀಲಕ್ಕಿರುವ ಟ್ಯಾಗಿನ ಬಣ್ಣವನ್ನೂ ಕಲಿತಿರಿ. ನೀಲಿ ಟ್ಯಾಗ್ ಅಂದರೆ ಪ್ರಮಾಣಿತ ಬೀಜ, ಬಿಳಿ ಅಂದರೆ ಪ್ರಮಾಣಿತ ಬೀಜ ಬೆಳೆಯಲು ಬಳಸುವ ಮೂಲ ಬೀಜ, ಹಸಿರು ಅಂದರೆ ಕಂಪನಿಯೇ ಗುಣಮಟ್ಟ ಘೋಷಿಸಿ ಮಾರುವ ಬೀಜ.

5. ದುಡ್ಡು ಎಲ್ಲಿ ಕೂರುತ್ತದೆ

“ಎಷ್ಟು ಬಂಡವಾಳ ಬೇಕು” ಎಂಬುದಕ್ಕೆ ಒಂದೇ ಅಂಕಿ ಹೇಳಲಾಗದು. ಲೆಕ್ಕ ಹಾಕುವ ರೀತಿ ತೋರಿಸುತ್ತೇನೆ. 10 ಟನ್ ಯೂರಿಯಾ ಅಂದರೆ 45 ಕೆಜಿಯ ಸುಮಾರು 222 ಚೀಲ. ಚೀಲಕ್ಕೆ 266.50 ರೂಪಾಯಿ ಮಾರಾಟ ದರದಲ್ಲಿ ಅದು ಸುಮಾರು 59,000 ರೂಪಾಯಿಯ ಮಾಲು. ಅದೇ 10 ಟನ್ ಡಿಎಪಿ ಅಂದರೆ 50 ಕೆಜಿಯ 200 ಚೀಲ, ಚೀಲಕ್ಕೆ 1,350ರಂತೆ 2,70,000 ರೂಪಾಯಿ. ಲಾರಿ ಅದೇ, ದುಡ್ಡು ನಾಲ್ಕೂವರೆ ಪಟ್ಟು. ಈ ಎರಡರಲ್ಲೂ ಉಳಿಯುವುದು ಚೀಲಕ್ಕೆ ಕೆಲವೇ ರೂಪಾಯಿ. ಹಾಗಾದರೆ ಯಾಕೆ ಇಡಬೇಕು? ಗೊಬ್ಬರ ಇಲ್ಲದ ಅಂಗಡಿಗೆ ರೈತ ಬರುವುದಿಲ್ಲ. ಅಂಗಡಿಯ ಬಾಡಿಗೆ, ಹುಡುಗನ ಸಂಬಳ ಹುಟ್ಟುವುದು ಬೀಜ, ಔಷಧ, ಲಘು ಪೋಷಕಾಂಶಗಳಲ್ಲಿ.

ರೈತ ಉತ್ಪಾದಕ ಸಂಸ್ಥೆಯವರಿಗೆ ಇಲ್ಲಿ ಅನುಕೂಲ ಇದೆ. 2020ರಲ್ಲಿ ಶುರುವಾದ ಕೇಂದ್ರದ 10,000 ಸಂಸ್ಥೆಗಳ ಯೋಜನೆಯಲ್ಲಿ ನೋಂದಾಯಿಸಿದ್ದರೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ನೆರವು, ಸದಸ್ಯರ ಷೇರಿಗೆ ಸಮನಾಗಿ 15 ಲಕ್ಷದವರೆಗೆ ಅನುದಾನ ಸಿಗುತ್ತದೆ. ಸದಸ್ಯರ ಬೇಡಿಕೆಯನ್ನು ಏಪ್ರಿಲ್‌ನಲ್ಲೇ ಚೀಟಿಯಲ್ಲಿ ಬರೆಸಿ, ಒಂದಿಷ್ಟು ಮುಂಗಡ ಹಿಡಿದು ಆರ್ಡರ್ ಹಾಕಿ. ಒಬ್ಬ ಖಾಸಗಿ ಅಂಗಡಿಯವನಿಗೆ ಇಷ್ಟು ಖಚಿತ ಗಿರಾಕಿ ಸಿಗುವುದೇ ಇಲ್ಲ.

6. ಮಾಲು ತರಿಸುವಾಗ

ಕಂಪನಿಯ ಪ್ರತಿನಿಧಿ ಏಪ್ರಿಲ್‌ನಲ್ಲಿ ಬರುತ್ತಾರೆ. “ಇಷ್ಟು ಲಕ್ಷದ ಮಾಲು ಎತ್ತಿದರೆ ಇಷ್ಟು ರಿಯಾಯಿತಿ, ಇನ್ನೂ ಎತ್ತಿದರೆ ಪ್ರವಾಸ” ಎನ್ನುತ್ತಾರೆ. ಇದಕ್ಕೆ ಸ್ಕೀಮ್ ಎನ್ನುತ್ತೇವೆ. ಸ್ಕೀಮ್ ನೋಡಿ ಮಾಲು ಎತ್ತಬೇಡಿ, ಮೊದಲ ಹಂತದ ನೋಟ್‌ಬುಕ್ ನೋಡಿ ಎತ್ತಿ. ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಿರಿ: ಉಳಿದ ಮಾಲು ವಾಪಸ್ ತೆಗೆದುಕೊಳ್ಳುತ್ತೀರಾ, ಎಷ್ಟರ ಮಟ್ಟಿಗೆ, ಯಾವ ತಾರೀಖಿನೊಳಗೆ?

ಡಬ್ಬಿ ಇಳಿಸಿಕೊಳ್ಳುವಾಗ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಾರೀಖನ್ನು ಬಿಲ್ಲಿಗೆ ತಾಳೆ ನೋಡಿ. ಆ ಬಿಲ್ಲನ್ನು ಚಿನ್ನದಂತೆ ಕಾಪಾಡಿ. ಇನ್‌ಸ್ಪೆಕ್ಟರ್ ತೆಗೆದ ಮಾದರಿ ಪರೀಕ್ಷೆಯಲ್ಲಿ ಕಳಪೆ ಎಂದು ಬಂದರೆ, ಲೈಸೆನ್ಸ್ ಇರುವವರಿಂದಲೇ ಕೊಂಡಿದ್ದೇನೆ, ದೋಷ ಇರುವುದು ನನಗೆ ತಿಳಿದಿರಲಿಲ್ಲ, ಸರಿಯಾಗಿ ಇಟ್ಟಿದ್ದೆ, ಬಂದ ಹಾಗೇ ಮಾರಿದೆ ಎಂದು ತೋರಿಸಿದವರಿಗೆ ಕೀಟನಾಶಕ ಕಾಯ್ದೆಯಲ್ಲಿ ರಕ್ಷಣೆ ಇದೆ. ಬಿಲ್ ಇಲ್ಲದೆ ಅಗ್ಗಕ್ಕೆ ಬಂದ ಮಾಲಿಗೂ, ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಸುರಿದು ಮಾರಿದ ಔಷಧಕ್ಕೂ ಆ ರಕ್ಷಣೆ ಇಲ್ಲ.

“ಲಿಂಕ್” ಎಂಬ ಪೀಡೆಯೂ ಇದೆ. ಡಿಎಪಿ ಬೇಕಾದರೆ ಜೊತೆಗೆ ಇಷ್ಟು ಬೇರೆ ಮಾಲು ಎತ್ತಲೇಬೇಕು ಎನ್ನುವುದು. ನಿಯಮಕ್ಕೆ ವಿರುದ್ಧ. ಆದರೂ ಕೊರತೆಯ ದಿನಗಳಲ್ಲಿ ನಡೆಯುತ್ತದೆ. ಬರಹದಲ್ಲಿ ಕೊಡಿ ಎಂದು ಕೇಳಿ, ಕೃಷಿ ಇಲಾಖೆಯ ಗಮನಕ್ಕೆ ತನ್ನಿ. ಅದನ್ನೇ ನೀವು ರೈತನ ಮೇಲೆ ಹೇರಬೇಡಿ. ಗೊಬ್ಬರದ ಕೊರತೆ ನಮ್ಮ ಜಿಲ್ಲೆಗೆ ಸಣ್ಣ ಮಾತಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಗೋದಾಮಿನಲ್ಲಿ ಚೀಲ ಇಟ್ಟುಕೊಂಡು “ಸ್ಟಾಕ್ ಇಲ್ಲ” ಎನ್ನುವ ಮೊದಲು ಆ ದಿನ ನೆನಪಿರಲಿ.

7. ಕೌಂಟರ್‌ನಲ್ಲಿ

ದಾಸ್ತಾನು ಮತ್ತು ದರದ ಬೋರ್ಡ್ ಬಾಗಿಲಲ್ಲೇ ತೂಗುಹಾಕಿ, ದಿನಾ ಬೆಳಿಗ್ಗೆ ಬದಲಿಸಿ.

ಸಬ್ಸಿಡಿ ಗೊಬ್ಬರ ಮಾರುವುದು ಪಿಒಎಸ್ ಎಂಬ, ಬೆರಳಚ್ಚು ಓದಿ ಬಿಲ್ ಹೊಡೆಯುವ ಯಂತ್ರದಲ್ಲಿ, ರೈತನ ಆಧಾರ್ ಮೇಲೆ. 2018ರಿಂದ ದೇಶವಿಡೀ ಹೀಗೇ. ಯಂತ್ರದಲ್ಲಿ ಮಾರಾಟ ದಾಖಲಾದರೇ ಕಂಪನಿಗೆ ಸರ್ಕಾರದ ಸಬ್ಸಿಡಿ ಹೋಗುತ್ತದೆ. ಬಿತ್ತನೆ ದಿನಗಳಲ್ಲಿ ಮಣ್ಣು ಕೆಲಸ ಮಾಡಿ ಸವೆದ ಬೆರಳು ಯಂತ್ರಕ್ಕೆ ಹತ್ತುವುದೇ ಇಲ್ಲ. ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಪಕ್ಕದಲ್ಲಿಡಿ. ಒರೆಸಿ, ಬೇರೆ ಬೆರಳು ಇಡಿಸಿ ನೋಡಿ. ರಶ್ ಇದೆ ಅಂತ ಚೀಲ ಕೊಟ್ಟು “ಆಮೇಲೆ ಹೆಬ್ಬೆಟ್ಟು ಒತ್ತಿ” ಅಂದರೆ ಯಂತ್ರದ ಲೆಕ್ಕವೂ ಗೋದಾಮಿನ ಲೆಕ್ಕವೂ ಬೇರೆಯಾಗುತ್ತವೆ. ತಪಾಸಣೆಯಲ್ಲಿ ಮೊದಲು ನೋಡುವುದೇ ಇದನ್ನು. ಪ್ರತಿ ರಾತ್ರಿ ಚೀಲ ಎಣಿಸಿ ತಾಳೆ ಮಾಡಿ.

ಬಿಲ್ ಕೊಡಿ. ಕೇಳದಿದ್ದರೂ ಕೊಡಿ. ರೈತನ ಹೆಸರು, ಊರು, ಲಾಟ್ ಅಥವಾ ಬ್ಯಾಚ್ ನಂಬರ್, ಅವಧಿ, ದರ ಇರಲಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅವನ ಕೈಯಲ್ಲಿರುವ ಬಿಲ್ ಅವನನ್ನೂ ಕಾಯುತ್ತದೆ, ಪ್ರಾಮಾಣಿಕ ಅಂಗಡಿಯನ್ನೂ ಕಾಯುತ್ತದೆ.

ಸಲಹೆಯ ವಿಷಯಕ್ಕೆ ಬರೋಣ. ರೈತ ಬಂದು “ಹುಳ ಬಿದ್ದಿದೆ, ಒಂದು ಒಳ್ಳೆ ಎಣ್ಣಿ ಕೊಡು ತಮ್ಮಾ” ಅನ್ನುತ್ತಾನೆ. ಕೈ ಕಪಾಟಿಗೆ ಹೋಗುವ ಮೊದಲು ಕೇಳಿ: ಯಾವ ಬೆಳೆ, ಎಷ್ಟು ದಿನದ್ದು, ಎಲ್ಲಿ ತಿಂದಿದೆ? ಗಿಡ ತಂದಿದ್ದರೆ ಬಿಡಿಸಿ ನೋಡಿ. ಮೆಕ್ಕೆಜೋಳದ ಸುಳಿಯಲ್ಲಿ ಒದ್ದೆ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ ತುಂಬಿದೆಯೇ? ಹುಳುವಿನ ತಲೆಯ ಮೇಲೆ ತಿರುಗಿಸಿಟ್ಟ ಇಂಗ್ಲಿಷ್ ‘ವೈ’ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇದೆಯೇ? ಹಾಗಿದ್ದರೆ ಅದು ಫಾಲ್ ಸೈನಿಕ ಹುಳು. ದೇಶದಲ್ಲೇ ಮೊದಲು 2018ರ ಮೇನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಂಡದ್ದು. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಅಂದರೆ 15 ಲೀಟರಿನ ಸಿಂಪಡಣೆ ಕ್ಯಾನಿಗೆ 6 ಗ್ರಾಂ. ಸಂಜೆ ಹೊತ್ತು, ಸುಳಿಯೊಳಗೆ ಬೀಳುವ ಹಾಗೆ. ಇಷ್ಟನ್ನು ಬಿಲ್ಲಿನ ಹಿಂದೆ ಕ್ಯಾನ್ ಲೆಕ್ಕದಲ್ಲೇ ಬರೆದುಕೊಡಿ, ಲೀಟರ್ ಲೆಕ್ಕದಲ್ಲಿ ಬರೆದರೆ ಹೊಲದಲ್ಲಿ ತಪ್ಪುತ್ತದೆ. ಜೊತೆಗೆ ಒಂದು ಟಾನಿಕ್, ಇನ್ನೊಂದು ಶಿಲೀಂಧ್ರನಾಶಕ ಸೇರಿಸಿ ಬಿಲ್ ಉಬ್ಬಿಸಬೇಡಿ. ಗೊತ್ತಾಗದಿದ್ದರೆ “ನನಗೆ ಗೊತ್ತಾಗ್ತಿಲ್ಲ, ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸೋಣ” ಅನ್ನಿ. ಹಾಗೆ ಹೇಳಿ ನಾನು ಗಿರಾಕಿ ಕಳೆದುಕೊಂಡಿದ್ದಿಲ್ಲ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ರೈತನಿಗೆ ತೋರಿಸಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ಕುಡಿಯುವ ನೀರಲ್ಲ. ಮಕ್ಕಳ ಕೈಗೆ ಔಷಧ ಕೊಡಲೇಬೇಡಿ. ಬೆಳೆ ಯಾವುದು ಎಂದರೆ ಉತ್ತರ ಹೇಳದೆ, ಕಣ್ಣು ತಪ್ಪಿಸಿ “ಜೋರಾಗಿರೋದು ಕೊಡಿ” ಎನ್ನುವವರು ಬಂದರೆ ಮಾರಬೇಡಿ. ಕೂರಿಸಿ, ಚಹಾ ತರಿಸಿ, ಮಾತಾಡಿಸಿ, ಮನೆಯವರಿಗೆ ಫೋನ್ ಮಾಡಿ. ಅವತ್ತಿನ ವ್ಯಾಪಾರ ನಿಂತರೂ ಚಿಂತೆ ಇಲ್ಲ.

8. ಉದ್ರಿ

ನಾನು ನೋಡಿದ ಹಾಗೆ ಮುಚ್ಚಿದ ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿದ್ದು ವ್ಯಾಪಾರ ಇಲ್ಲದೆ ಅಲ್ಲ, ಉದ್ರಿ ಬಾರದೆ. 800 ರೂಪಾಯಿಗೆ ತಂದ ಬಾಟಲಿಯನ್ನು 880ಕ್ಕೆ ಜೂನ್‌ನಲ್ಲಿ ಉದ್ರಿ ಕೊಟ್ಟಿರಿ. ಫಸಲು ಮಾರಿ ರೈತ ಕೊಟ್ಟದ್ದು ಜನವರಿಯಲ್ಲಿ, ಏಳು ತಿಂಗಳಿಗೆ. ನಿಮ್ಮ 800 ರೂಪಾಯಿ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯದ್ದಾಗಿದ್ದರೆ ಬಡ್ಡಿಯೇ 112. ಲಾಭ 80. ದುಡ್ಡು ಪೂರ್ತಿ ಬಂದರೂ 32 ರೂಪಾಯಿ ನಷ್ಟ.

ಹಾಗಂತ ಉದ್ರಿಯೇ ಇಲ್ಲ ಅಂದರೆ ಹಳ್ಳಿಯಲ್ಲಿ ಅಂಗಡಿ ನಡೆಯದು. ಬಿತ್ತನೆ ಹೊತ್ತಿಗೆ ರೈತನ ಕೈ ಖಾಲಿ ಇರುತ್ತದೆ, ಅದು ಅವನ ತಪ್ಪಲ್ಲ. ನಾನು ಪಾಲಿಸುವುದು ಇಷ್ಟು. ಯೂರಿಯಾ, ಡಿಎಪಿ ನಗದು ಮಾತ್ರ. ಬೀಜಕ್ಕೆ ಅರ್ಧ ನಗದು. ಪ್ರತಿ ಮನೆಗೆ ಒಂದು ಮಿತಿ, ಹಳೆ ಬಾಕಿ ತೀರದೆ ಹೊಸ ಉದ್ರಿ ಇಲ್ಲ. ಪುಸ್ತಕದಲ್ಲಿ ಪ್ರತಿ ಸಲ ರೈತನ ಸಹಿ, ಅವನ ಕೈಗೂ ಒಂದು ಪ್ರತಿ. ನಗದಿನ ದರ ಮತ್ತು ಉದ್ರಿ ದರ ಎರಡು ಮಾಡಿ ಡಬ್ಬಿಯ ಮೇಲಿನ ಎಂಆರ್‌ಪಿ ದಾಟಬೇಡಿ, ಅದು ಅಪರಾಧ. ಕಿಸಾನ್ ಕ್ರೆಡಿಟ್ ಕಾರ್ಡ್ ಇಲ್ಲದವರಿಗೆ ಅದನ್ನು ಮಾಡಿಸಿಕೊಳ್ಳಲು ಅರ್ಜಿ ತುಂಬಿಕೊಡಿ. ನಿಮ್ಮ ಉದ್ರಿಗಿಂತ ಬ್ಯಾಂಕಿನ ಸಾಲ ಅವರಿಗೆ ಅಗ್ಗ, ನಿಮಗೂ ನಗದು ಬರುತ್ತದೆ. “ಫಸಲು ನನಗೇ ಕೊಡಬೇಕು” ಎಂಬ ಷರತ್ತಿನ ಮೇಲೆ ಉದ್ರಿ ಕೊಡುವವರಿದ್ದಾರೆ. ರೈತನಿಗೆ ಮಾರುಕಟ್ಟೆಯ ಬಾಗಿಲು ಮುಚ್ಚುವ ಆ ವ್ಯವಹಾರ ನನಗೆ ಸರಿ ಕಾಣುವುದಿಲ್ಲ.

9. ಹಂಗಾಮಿನ ಕೊನೆಗೆ

ಆಗಸ್ಟ್ ಕೊನೆಯ ಹೊತ್ತಿಗೆ ಕಪಾಟನ್ನು ಪೂರ್ತಿ ಖಾಲಿ ಮಾಡಿ ಒಂದೊಂದೇ ಡಬ್ಬಿಯ ತಾರೀಖು ನೋಡಿ. ಆರು ತಿಂಗಳೊಳಗೆ ಅವಧಿ ಮುಗಿಯುವುದನ್ನು ಬೇರೆ ಇಟ್ಟು ಕಂಪನಿಗೆ ಮೇಲ್ ಮಾಡಿ, ವಾಪಸ್ ಕಳಿಸಿದ ಮಾಲಿಗೆ ಕ್ರೆಡಿಟ್ ನೋಟ್ ಬರುವವರೆಗೆ ಬಿಡಬೇಡಿ. ಕ್ರೆಡಿಟ್ ನೋಟ್ ಅಂದರೆ ಆ ಮೊತ್ತವನ್ನು ನಿಮ್ಮ ಖಾತೆಗೆ ಜಮಾ ಮಾಡಿದ ಚೀಟಿ. ಅವಧಿ ಮುಗಿದ ಔಷಧಕ್ಕೆ “ಮಾರಾಟಕ್ಕಲ್ಲ” ಎಂದು ಚೀಟಿ ಅಂಟಿಸಿ ಬೇರೆ ಮೂಲೆಯಲ್ಲಿಡಿ. ಕಪಾಟಿನಲ್ಲಿ ಸಿಕ್ಕರೆ ನೀವು ಮಾರುತ್ತಿದ್ದೀರಿ ಎಂದೇ ಲೆಕ್ಕ. ಉಳಿದ ಬೀಜವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಆಸೆ ಬೇಡ.

ಆ ಕೆಲಸ ಮುಗಿದ ವಾರವೇ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆಯಿರಿ. ಎರೆಭೂಮಿಯ ಹಳ್ಳಿಗಳಿಗೆ ಹೋಗಿ ಹಿಂಗಾರಿಗೆ ಕಡಲೆ ಎಷ್ಟು ಎಕರೆ, ಬಿಳಿಜೋಳ ಎಷ್ಟು ಎಂದು ಕೇಳಿ. ಸೆಪ್ಟೆಂಬರ್ ಮಧ್ಯದೊಳಗೆ ಆರ್ಡರ್ ಹೋಗಿರಬೇಕು.